ಬೇಳೆ ಗಿರಣಿಗೆ ಬಂದ ಪ್ರೋಗ್ರಾಮರ್: ಮೊದಲ ಬಾರಿಗೆ ಮೇಲ್ವಿಚಾರಣೆ ವಹಿಸುವವರು ಅರಿಯಬೇಕಾದ ಸಂಗತಿಗಳು

ಆಳಂದ ತಾಲ್ಲೂಕಿನ ಮಟಕಿಯಂತಹ ಊರುಗಳಿಂದಲೂ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಕಪ್ಪು ಮಣ್ಣಿನ ಹೊಲಗಳಿಂದಲೂ ಹೊರಡುವ ತೊಗರಿಯು ಕಲಬುರಗಿಯ ಗಿರಣಿಗಳನ್ನು ಸೇರಿ ಬೇಳೆಯಾಗುವ ವ್ಯವಹಾರ ಬಹುಕಾಲದಿಂದ ನಡೆದು ಬಂದಿದೆ. 2019ರಲ್ಲಿ 'ಗುಲಬರ್ಗಾ ತೊಗರಿ ಬೇಳೆ'ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬೆಳೆಯುವ ರೀತಿಯಾಗಲಿ, ಅರೆಯುವ ರೀತಿಯಾಗಲಿ ಬಹಳ ಬದಲಾಗಿಲ್ಲವಾದರೂ ಲೆಕ್ಕವಿಡುವ ರೀತಿ ಮಾತ್ರ ಪೂರ್ಣವಾಗಿ ಬದಲಾಗಿದೆ. 2014ರಿಂದ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ವಿದ್ಯುನ್ಮಾನ ಹರಾಜು, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, 2018ರ ಏಪ್ರಿಲ್‌ನಿಂದ ಇ-ವೇ ಬಿಲ್, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೂ ಮಿಗಿಲಾದ ವಹಿವಾಟಿನವರಿಗೂ ಇ-ಇನ್‌ವಾಯ್ಸ್, ಹೀಗೆ ಒಂದರ ಹಿಂದೆ ಒಂದರಂತೆ ಬಂದ ವ್ಯವಸ್ಥೆಗಳು ಗಣಕಯಂತ್ರವನ್ನು ವರ್ತಕರ ಗಾದಿಯ ಪಕ್ಕಕ್ಕೇ ತಂದು ಕೂರಿಸಿವೆ.

ಇದರ ಮುಂದಿನ ಹಂತವೇ ಉದ್ದಿಮೆಯಲ್ಲಿ ಸ್ವಂತ ಪ್ರೋಗ್ರಾಮರ್‌ಗಳನ್ನು ಇಟ್ಟುಕೊಳ್ಳುವುದು. ಸಿದ್ಧ ತಂತ್ರಾಂಶದಲ್ಲಿ ದೊರೆಯದ ಅನುಕೂಲಗಳಿಗಾಗಿ ಒಬ್ಬಿಬ್ಬರು ಯುವಕ ಯುವತಿಯರನ್ನು ಸಂಬಳಕ್ಕೆ ನೇಮಿಸಿಕೊಳ್ಳುವ ವಿಚಾರ ಮಧ್ಯಮ ಗಾತ್ರದ ಗಿರಣಿ ಮಾಲೀಕರಿಗೂ ಬರತೊಡಗಿದೆ. ನೇಮಕ ಸುಲಭ, ಅನಂತರದ ಮೇಲ್ವಿಚಾರಣೆ ಕಷ್ಟ. ಆ ಹೊಣೆಯು ಸಾಮಾನ್ಯವಾಗಿ ಮಾಲೀಕರ ಮಗನಿಗೋ, ಹಿರಿಯ ಲೆಕ್ಕಿಗರಿಗೋ, ಇಲ್ಲವೇ ಪ್ರೋಗ್ರಾಮರ್‌ಗಳಲ್ಲಿಯೇ ಹಿರಿಯನಾದವನಿಗೋ ಒದಗುತ್ತದೆ. ಮೂವರಿಗೂ ಅದು ಮೊದಲ ಅನುಭವ. ಹಮಾಲರನ್ನೂ ಗುಮಾಸ್ತರನ್ನೂ ಯಂತ್ರ ನಡೆಸುವವರನ್ನೂ ಚೆನ್ನಾಗಿ ನಿಭಾಯಿಸಿದ ಮಾಲೀಕರೇ ಇಲ್ಲಿ ಎಡವುವುದುಂಟು. ಅದಕ್ಕೆ ಕಾರಣ ಅವರ ಅಸಾಮರ್ಥ್ಯವಲ್ಲ. ಈ ಕೆಲಸವನ್ನು ಅಳೆಯುವ ಅಳತೆಗೋಲೇ ಬೇರೆ ಎಂಬುದನ್ನು ಯಾರೂ ಅವರಿಗೆ ತಿಳಿಸದಿರುವುದು.

ವ್ಯಾಪಾರಿಯ ಅಗತ್ಯದಿಂದ ಹುಟ್ಟಿದ ತಂತ್ರಾಂಶ

ವ್ಯಾಪಾರಿಯೊಬ್ಬರು ಪ್ರೋಗ್ರಾಮರ್‌ನಿಂದ ಉತ್ತಮ ಕೆಲಸವನ್ನು ಪಡೆಯಬಹುದೇ ಎಂಬ ಸಂದೇಹಕ್ಕೆ ಉತ್ತರ ಕರ್ನಾಟಕದಲ್ಲಿಯೇ ಇದೆ, ಬಹುಪಾಲು ಓದುಗರ ಅಂಗಡಿಯ ಗಣಕಯಂತ್ರದಲ್ಲಿಯೇ ಇದೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಹಾಗೂ ಅವರ ಪುತ್ರ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯಿಂದಲೇ ಟ್ಯಾಲಿ ಬಂದಿತು. ತಂದೆಯವರದು ಗಿರಣಿ ಮತ್ತು ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿ ಹಾಗೂ ಯಂತ್ರದ ಬಿಡಿಭಾಗಗಳನ್ನು ಒದಗಿಸುವ ವ್ಯಾಪಾರ. ತಮ್ಮ ಲೆಕ್ಕಪತ್ರಗಳನ್ನು ನಿರ್ವಹಿಸಲು ತಕ್ಕ ತಂತ್ರಾಂಶ ಮಾರುಕಟ್ಟೆಯಲ್ಲಿ ದೊರೆಯದಿದ್ದಾಗ, ಗಣಿತ ಓದಿದ್ದ ಮಗನಿಗೆ ಅಂತಹುದೊಂದನ್ನು ರಚಿಸುವಂತೆ ಅವರು ಹೇಳಿದರು. ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಆ ಸಂಸ್ಥೆ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು; 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಂದಿನ ಅನೇಕ ಲೆಕ್ಕಪತ್ರ ತಂತ್ರಾಂಶಗಳಲ್ಲಿ ಪ್ರತಿಯೊಂದು ಖಾತೆಗೂ ಒಂದು ಸಂಕೇತ ಸಂಖ್ಯೆಯನ್ನು ಕೊಟ್ಟು, ಅದನ್ನು ನೆನಪಿಟ್ಟುಕೊಂಡು ನಮೂದು ಮಾಡಬೇಕಾಗಿತ್ತು. ಟ್ಯಾಲಿಯಲ್ಲಿ ಖಾತೆಯನ್ನು ಅದರ ಹೆಸರಿನಿಂದಲೇ ಕರೆಯಬಹುದಾಯಿತು. ವರ್ತಕನು ತನ್ನ ಖಾತೆ ಪುಸ್ತಕದಲ್ಲಿ ಗಿರಾಕಿಯ ಹೆಸರನ್ನು ಬರೆಯುತ್ತಾನೆಯೇ ಹೊರತು ಸಂಖ್ಯೆಯನ್ನಲ್ಲ. ಬಳಸುವವನ ರೂಢಿಗೆ ಯಂತ್ರ ಹೊಂದಿಕೊಳ್ಳಬೇಕು ಎಂಬುದು ತಂತ್ರಜ್ಞಾನದ ಪಾಠಕ್ಕಿಂತ ಹೆಚ್ಚಾಗಿ ವ್ಯಾಪಾರದ ಪಾಠ. ಪ್ರೋಗ್ರಾಮಿಂಗ್ ಬಾರದ ಮಾಲೀಕರು ತಂತ್ರಾಂಶಕ್ಕೆ ಕೊಡಬಹುದಾದ ಅತಿ ದೊಡ್ಡ ಕೊಡುಗೆಯೇ ಈ ತಿಳಿವಳಿಕೆ.

ಬೇಕಾದುದೇನು ಎಂಬುದನ್ನು ಹೇಳುವ ಕಲೆ

ಬೇಳೆ ಗಿರಣಿಯೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಮಾಲೀಕರು ಹೊಸದಾಗಿ ಬಂದ ಪ್ರೋಗ್ರಾಮರ್‌ಗೆ "ದಾಸ್ತಾನು ಲೆಕ್ಕದ ತಂತ್ರಾಂಶ ಮಾಡಿಕೊಡು" ಎಂದಷ್ಟೇ ಹೇಳುತ್ತಾರೆ. ಆತ ತಾನು ಕಲಿತಂತೆ ಆರಂಭ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಮಾರಾಟವನ್ನು ಕಳೆದು, ಉಳಿಕೆಯನ್ನು ತೋರಿಸುವ ತಂತ್ರಾಂಶವನ್ನು ಎರಡು ತಿಂಗಳಲ್ಲಿ ಸಿದ್ಧಪಡಿಸುತ್ತಾನೆ. ಮೊದಲ ತಿಂಗಳ ಕೊನೆಗೆ ತಂತ್ರಾಂಶವು ನೂರಾರು ಕ್ವಿಂಟಲ್ ಸರಕು ಉಗ್ರಾಣದಲ್ಲಿ ಇದೆಯೆಂದು ತೋರಿಸುತ್ತದೆ. ಉಗ್ರಾಣದಲ್ಲಿ ಅದು ಇಲ್ಲ. ಮಾಲೀಕರಿಗೆ ಉಗ್ರಾಣದವನ ಮೇಲೆ ಸಂಶಯ, ಉಗ್ರಾಣದವನಿಗೆ ಯಂತ್ರದ ಮೇಲೆ ಸಿಟ್ಟು, ಪ್ರೋಗ್ರಾಮರ್‌ಗೆ ದಿಗ್ಭ್ರಮೆ.

ಇಲ್ಲಿ ಕಳ್ಳತನವೂ ಆಗಿಲ್ಲ, ತಂತ್ರಾಂಶದ ಗಣಿತವೂ ತಪ್ಪಿಲ್ಲ. ಒಂದು ಕ್ವಿಂಟಲ್ ತೊಗರಿಯಿಂದ ಗಿರಣಿಯಲ್ಲಿ ಸಾಮಾನ್ಯವಾಗಿ 70ರಿಂದ 75 ಕಿಲೋ ಬೇಳೆ ದೊರೆಯುತ್ತದೆ. ಉಳಿದುದು ನುಚ್ಚು, ಹಿಟ್ಟು ಹಾಗೂ ಹೊಟ್ಟಾಗಿ ಬೇರ್ಪಡುತ್ತದೆ. ಒಣಗಿಸುವಾಗ ತೇವಾಂಶ ಹೋಗಿ ತೂಕವೂ ಇಳಿಯುತ್ತದೆ. ಚೀಲದ ತೂಕವನ್ನು ಕಳೆಯಬೇಕು. ಹೊಟ್ಟು ಜಾನುವಾರು ಮೇವಾಗಿ ಬೇರೆ ದರದಲ್ಲಿ ಮಾರಾಟವಾಗುತ್ತದೆ. ಇವೆಲ್ಲ ಮಾಲೀಕರಿಗೆ ಉಸಿರಾಟದಷ್ಟು ಸಹಜವಾದುದರಿಂದ ಹೇಳಬೇಕೆಂದು ತೋರಲಿಲ್ಲ. ಗಿರಣಿಯ ಒಳಗೆ ಒಂದು ದಿನವೂ ನಿಲ್ಲದ ಪ್ರೋಗ್ರಾಮರ್‌ಗೆ ಕೇಳಬೇಕೆಂದು ಹೊಳೆಯಲಿಲ್ಲ. ಎರಡು ತಿಂಗಳ ಸಂಬಳ ವ್ಯರ್ಥವಾದುದು ಈ ಮೌನದಿಂದ.

ಆದುದರಿಂದ ಹೊಸ ಪ್ರೋಗ್ರಾಮರ್‌ನನ್ನು ಮೊದಲ ವಾರ ಗಣಕಯಂತ್ರದ ಮುಂದೆ ಕೂರಿಸದೆ ತೂಕದ ಕಟ್ಟೆಯಲ್ಲಿ, ಒಣಗಿಸುವ ಅಂಗಳದಲ್ಲಿ, ಲೆಕ್ಕಿಗರ ಪಕ್ಕದಲ್ಲಿ ಕೂರಿಸುವುದು ಲೇಸು. ಬಳಿಕ ಬೇಕಾದುದನ್ನು ಒಂದು ಪುಟದಲ್ಲಿ ಸರಳ ಕನ್ನಡದಲ್ಲಿ ಬರೆದು, ಹಿಂದಿನ ತಿಂಗಳ ನಿಜವಾದ ಹತ್ತು ಬಿಲ್ಲುಗಳನ್ನೂ ಅವುಗಳಿಗೆ ಬರಬೇಕಾದ ಸರಿಯಾದ ಉತ್ತರವನ್ನೂ ಕೊಡಬೇಕು. ಆ ಹತ್ತು ಬಿಲ್ಲುಗಳು ನೂರು ಪುಟದ ಕರಾರಿಗಿಂತ ಹೆಚ್ಚು ಪ್ರಯೋಜನಕ್ಕೆ ಬರುತ್ತವೆ.

ರಾಜ್ಯದ 'ಭೂಮಿ' ಯೋಜನೆಯ ಅನುಭವವೂ ಇದನ್ನೇ ಹೇಳುತ್ತದೆ. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿ ದಾಖಲೆಗಳು 2000ದ ದಶಕದ ಆರಂಭದಲ್ಲಿ ಗಣಕೀಕೃತವಾದವು. ಆಳಂದದ ರೈತನೂ 15 ರೂಪಾಯಿ ಶುಲ್ಕಕ್ಕೆ ತಾಲ್ಲೂಕು ಕಚೇರಿಯಲ್ಲಿಯೇ ಮುದ್ರಿತ ಪಹಣಿಯನ್ನು ಪಡೆಯುವಂತಾಯಿತು. ಅಲ್ಲಿ ತಂತ್ರಾಂಶ ರಚನೆ ಕೆಲಸದ ಒಂದು ಭಾಗ ಮಾತ್ರ. ಕೈಬರಹದ ದಾಖಲೆಗಳನ್ನು ಬಲ್ಲ ಗ್ರಾಮ ಲೆಕ್ಕಿಗರಿಂದ ನಮೂದುಗಳನ್ನು ಪರಿಶೀಲಿಸಿಕೊಳ್ಳದೆ ಆ ಕಾರ್ಯ ಮುಗಿಯುವಂತಿರಲಿಲ್ಲ. ಕೆಲಸವನ್ನು ಬಲ್ಲವನು ಮತ್ತು ಯಂತ್ರವನ್ನು ಬಲ್ಲವನು ಒಂದೇ ಮೇಜಿನ ಎರಡು ಬದಿಗೆ ಕೂರುವಂತೆ ಮಾಡುವುದೇ ಮೇಲ್ವಿಚಾರಕನ ಪ್ರಥಮ ಕರ್ತವ್ಯ.

ಆಳು ಹೆಚ್ಚಿದರೆ ಕೆಲಸ ಬೇಗ ಮುಗಿಯುವುದೇ?

ಲಾರಿಯಿಂದ ಚೀಲ ಇಳಿಸುವ ಕೆಲಸಕ್ಕೆ ನಾಲ್ವರ ಬದಲು ಎಂಟು ಹಮಾಲರನ್ನು ಹಚ್ಚಿದರೆ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಈ ಲೆಕ್ಕವನ್ನು ಪ್ರೋಗ್ರಾಮಿಂಗ್‌ಗೂ ಅನ್ವಯಿಸುವುದು ಹೊಸ ಮೇಲ್ವಿಚಾರಕರು ಮಾಡುವ ಅತ್ಯಂತ ದುಬಾರಿ ತಪ್ಪು. ಐಬಿಎಂ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಓಎಸ್/360 ಎಂಬ ಬೃಹತ್ ತಂತ್ರಾಂಶದ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್ ತಮ್ಮ ಅನುಭವವನ್ನು 1975ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ತಡವಾಗಿರುವ ತಂತ್ರಾಂಶ ಕಾರ್ಯಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬ ಅವರ ನಿರ್ಣಯ 'ಬ್ರೂಕ್ಸ್ ನಿಯಮ'ವೆಂದೇ ಪ್ರಸಿದ್ಧವಾಗಿದೆ.

ಕಾರಣ ಸರಳವಾದುದು. ಹೊಸಬನಿಗೆ ಕಲಿಸುವವರು ಹಳಬರೇ. ಕಲಿಸುವಷ್ಟು ಕಾಲ ಅವರ ಕೆಲಸ ನಿಲ್ಲುತ್ತದೆ. ಇಬ್ಬರ ನಡುವೆ ಮಾತುಕತೆಯ ದಾರಿ ಒಂದೇ. ಐವರಾದರೆ ಹತ್ತು, ಹತ್ತು ಜನರಾದರೆ ನಲವತ್ತೈದು. ಒಬ್ಬನು ಬರೆದುದು ಮತ್ತೊಬ್ಬನು ಬರೆದುದಕ್ಕೆ ಹೊಂದಬೇಕಾದುದರಿಂದ ಈ ದಾರಿಗಳೆಲ್ಲವನ್ನೂ ತೆರೆದಿಡಬೇಕಾಗುತ್ತದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯನ್ನು ಹೊಲಕ್ಕೆ ಹೆಚ್ಚು ಆಳುಗಳನ್ನು ಕಳುಹಿಸಿ ದಸರೆಗೇ ಕೊಯ್ಲಿಗೆ ತರಲಾಗದು ಎಂಬುದು ಈ ಸೀಮೆಯ ಪ್ರತಿಯೊಬ್ಬ ವರ್ತಕನಿಗೂ ತಿಳಿದಿದೆ. ಪ್ರೋಗ್ರಾಮಿಂಗ್ ಕೆಲಸವು ಚೀಲ ಇಳಿಸುವುದಕ್ಕಿಂತ ಬೆಳೆ ಬೆಳೆಯುವುದಕ್ಕೆ ಹತ್ತಿರವಾದುದು.

ಕಾಲ ಸಾಲದೆ ಹೋದಾಗ ಮಾಡಬೇಕಾದುದು ಕೆಲಸದ ವ್ಯಾಪ್ತಿಯನ್ನು ಕಿರಿದುಗೊಳಿಸುವುದು. ಡಿಸೆಂಬರ್‌ನಲ್ಲಿ ಹೊಸ ತೊಗರಿ ಮಾರುಕಟ್ಟೆಗೆ ಬರುವ ವೇಳೆಗೆ ಖರೀದಿ ಮತ್ತು ತೂಕದ ಭಾಗ ಸಿದ್ಧವಿದ್ದರೆ ಸಾಕು. ದಲಾಲಿ ಲೆಕ್ಕದ ವರದಿ ಫೆಬ್ರವರಿಗೆ ಬಂದರೂ ನಡೆಯುತ್ತದೆ. ಯಾವುದು ಮೊದಲು, ಯಾವುದು ಅನಂತರ ಎಂದು ನಿರ್ಧರಿಸುವ ಅಧಿಕಾರ ಮತ್ತು ಹೊಣೆ ಮೇಲ್ವಿಚಾರಕನದೇ. ಎಲ್ಲವೂ ತುರ್ತು ಎನ್ನುವವನು ಯಾವುದೂ ತುರ್ತಲ್ಲ ಎಂದು ಹೇಳಿದಂತೆಯೇ.

ಮೌನವೂ ಒಂದು ಬಂಡವಾಳ

ಗಾದಿಯ ಮೇಲೆ ಕುಳಿತ ವರ್ತಕನ ದಿನವು ಐದು ಐದು ನಿಮಿಷಗಳ ತುಣುಕುಗಳಲ್ಲಿ ಸಾಗುತ್ತದೆ. ದೂರವಾಣಿ, ದಲಾಲಿ, ಗಿರಾಕಿ, ಲಾರಿ ಚಾಲಕ ಎಲ್ಲರೂ ನಡುವೆ ಬಂದರೂ ವ್ಯವಹಾರ ಕೆಡದು. ಪ್ರೋಗ್ರಾಮರ್‌ನ ದಿನ ಹಾಗಲ್ಲ. ಹತ್ತಾರು ಸಂಗತಿಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದುಕೊಂಡು ಆತ ಕೆಲಸ ಮಾಡುತ್ತಿರುತ್ತಾನೆ. ಉದ್ದನೆಯ ಲೆಕ್ಕವನ್ನು ಬಾಯಲ್ಲಿ ಕೂಡಿಸುತ್ತಿರುವ ಲೆಕ್ಕಿಗನನ್ನು ನಡುವೆ ಮಾತನಾಡಿಸಿದರೆ ಆತ ಮೇಲಿನಿಂದ ಪುನಃ ಆರಂಭಿಸಬೇಕಾಗುವಂತೆ ಇಲ್ಲಿಯೂ ಆಗುತ್ತದೆ.

ಅಮೆರಿಕದ ಟಾಮ್ ಡಿಮಾರ್ಕೋ ಮತ್ತು ಟಿಮೊಥಿ ಲಿಸ್ಟರ್ 1984ರಿಂದ 1986ರವರೆಗೆ 92 ಸಂಸ್ಥೆಗಳ 600ಕ್ಕೂ ಮಿಕ್ಕ ಪ್ರೋಗ್ರಾಮರ್‌ಗಳಿಗೆ ಒಂದೇ ಬಗೆಯ ಕೆಲಸವನ್ನು ಕೊಟ್ಟು ಹೋಲಿಸಿ ನೋಡಿದರು. ಉತ್ತಮರಿಗೂ ಸಾಧಾರಣರಿಗೂ ನಡುವಿನ ಅಂತರಕ್ಕೆ ಸಂಬಳವಾಗಲಿ ಸೇವಾವಧಿಯಾಗಲಿ ಹೆಚ್ಚಿನ ಕಾರಣವಾಗಿರಲಿಲ್ಲ. ಚೆನ್ನಾಗಿ ಕೆಲಸ ಮಾಡಿದವರು ಹೆಚ್ಚಾಗಿ ಶಾಂತವಾದ, ಅಡ್ಡಿಗಳು ಕಡಿಮೆಯಿರುವ ಸ್ಥಳಗಳಲ್ಲಿ ಕುಳಿತವರಾಗಿದ್ದರು.

ಸಣ್ಣ ಉದ್ದಿಮೆಯಲ್ಲಿ ಪ್ರೋಗ್ರಾಮರ್‌ಗೆ ಮುದ್ರಣಯಂತ್ರ ಸರಿಪಡಿಸುವ, ಮಾಲೀಕರ ಮೊಬೈಲ್‌ಗೆ ಆ್ಯಪ್ ಹಾಕಿಕೊಡುವ, ಇ-ವೇ ಬಿಲ್ ತೆಗೆಯುವ ಕೆಲಸಗಳೂ ಬಂದು ಸೇರುತ್ತವೆ. ಅವನ್ನು ಪೂರ್ಣವಾಗಿ ತಪ್ಪಿಸಲಾಗದಿದ್ದರೂ ಕಾಲವನ್ನು ಗೊತ್ತುಪಡಿಸಬಹುದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪ್ರೋಗ್ರಾಮಿಂಗ್ ಮಾತ್ರ, ಉಳಿದ ಕೋರಿಕೆಗಳೆಲ್ಲ ಮಧ್ಯಾಹ್ನದ ಅನಂತರ ಎಂಬ ಕಟ್ಟುಪಾಡು ಒಂದು ಪೈಸೆಯೂ ಖರ್ಚಿಲ್ಲದ ಸುಧಾರಣೆ. ಆ ಕಟ್ಟುಪಾಡನ್ನು ಮೊದಲು ಮುರಿಯುವವರು ಮಾಲೀಕರೇ ಆಗಿರುತ್ತಾರೆ ಎಂಬುದನ್ನು ಮಾತ್ರ ನೆನಪಿಡಬೇಕು.

ಕೆಟ್ಟ ಸುದ್ದಿ ಬೇಗ ಬರಲಿ

"ಎಷ್ಟು ದಿನ ಬೇಕು?" ಎಂಬ ಪ್ರಶ್ನೆಗೆ ಹೊಸ ಪ್ರೋಗ್ರಾಮರ್ ಕೊಡುವ ಉತ್ತರವು ಬಹುಮಟ್ಟಿಗೆ ಕೇಳುವವರ ಮುಖ ನೋಡಿ ಕೊಟ್ಟ ಉತ್ತರ. ಹದಿನೈದು ದಿನ ಎಂದರೆ ಮಾಲೀಕರು ಬೇಸರಗೊಳ್ಳುವರೆಂದು ಆತ ವಾರವೆನ್ನುತ್ತಾನೆ. ವಾರದ ಕೊನೆಗೆ "ಇನ್ನೇನು ಮುಗಿಯಿತು" ಎನ್ನುತ್ತಾನೆ. ತೊಂಬತ್ತು ಭಾಗ ಮುಗಿದಿದೆ ಎಂಬ ವರದಿ ಒಂದು ತಿಂಗಳವರೆಗೆ ಹಾಗೆಯೇ ಮುಂದುವರಿಯುವುದು ಈ ಕ್ಷೇತ್ರದಲ್ಲಿ ಸಾಮಾನ್ಯ.

ಇದಕ್ಕೆ ಗದರಿಕೆ ಮದ್ದಲ್ಲ. ಗದರಿಕೆಯು ಸುದ್ದಿಯನ್ನು ಮತ್ತಷ್ಟು ತಡಮಾಡುತ್ತದೆ. ಬೇಳೆ ವ್ಯಾಪಾರದಲ್ಲಿ ಬೆಲೆ ಕುಸಿದ ಸುದ್ದಿಯನ್ನು ತಡವಾಗಿ ತಿಳಿಸುವ ದಲಾಲಿಗಿಂತ ಕೂಡಲೇ ತಿಳಿಸುವ ದಲಾಲಿಯೇ ಬೆಲೆಯುಳ್ಳವನು. ತಡವಾಗುತ್ತಿದೆ ಎಂದು ಮೂರನೆಯ ದಿನವೇ ಬಂದು ಹೇಳಿದ ಪ್ರೋಗ್ರಾಮರ್‌ನನ್ನು ಎಲ್ಲರೆದುರು ಪ್ರಶಂಸಿಸಿದರೆ, ಮುಂದೆ ಯಾವ ಸಂಗತಿಯೂ ಮುಚ್ಚಿಹೋಗದು. ಕೆಲಸವನ್ನು ಒಂದೊಂದು ವಾರದ ತುಂಡುಗಳಾಗಿ ವಿಂಗಡಿಸಿ, ಪ್ರತಿ ಶನಿವಾರ ತೂಕದ ಕಟ್ಟೆಯ ಗುಮಾಸ್ತನ ಕೈಯಿಂದಲೇ ಅದನ್ನು ನಡೆಸಿ ನೋಡುವುದು ಒಳ್ಳೆಯ ಪದ್ಧತಿ. ಗುಮಾಸ್ತನು ಬಳಸಿ ತೋರಿಸಿದ ಭಾಗ ಮಾತ್ರ ಮುಗಿದ ಕೆಲಸ. ಉಳಿದುದು ನಡೆಯುತ್ತಿರುವ ಕೆಲಸ. ಎಷ್ಟು ಸಾಲು ಬರೆದ, ರಾತ್ರಿ ಎಷ್ಟು ಹೊತ್ತು ಕುಳಿತಿದ್ದ ಎಂಬುದು ಅಳತೆಯಲ್ಲ. ಹತ್ತು ಸಾಲಿನಲ್ಲಿ ಮುಗಿಯುವುದನ್ನು ನೂರು ಸಾಲಿನಲ್ಲಿ ಬರೆದವನು ಹೆಚ್ಚು ದುಡಿದವನಲ್ಲ, ಮುಂದಿನವರಿಗೆ ಹೆಚ್ಚು ಹೊರೆ ಬಿಟ್ಟವನು.

ತಂತ್ರಾಂಶದೊಳಗಿನ ಸಾಲ

ವರ್ತಕರಿಗೆ ಬೇಗನೆ ಮನದಟ್ಟಾಗುವ ಹೋಲಿಕೆಯೊಂದನ್ನು 1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ಪ್ರೋಗ್ರಾಮರ್ ಕೊಟ್ಟರು. ಅವಸರದಲ್ಲಿ ಹೇಗೋ ಬರೆದು ಮುಗಿಸಿದ ತಂತ್ರಾಂಶವು ಸಾಲ ತಂದು ವ್ಯಾಪಾರ ಮಾಡಿದಂತೆ. ಸಕಾಲದಲ್ಲಿ ತೀರಿಸಿದರೆ ಆ ಸಾಲ ಉಪಕಾರಿಯೇ. ತೀರಿಸದಿದ್ದರೆ ಮುಂದಿನ ಪ್ರತಿಯೊಂದು ಬದಲಾವಣೆಯಲ್ಲಿಯೂ ಬಡ್ಡಿ ಕಟ್ಟಬೇಕಾಗುತ್ತದೆ. ಕೊನೆಗೆ ದುಡಿಮೆಯೆಲ್ಲವೂ ಬಡ್ಡಿಗೇ ಹೋಗುತ್ತದೆ.

ಬದಲಾವಣೆಗಳು ತಪ್ಪದೆ ಬಂದೇ ಬರುತ್ತವೆ. 2022ರ ಜುಲೈ 18ರಂದು ಮುಂಚಿತವಾಗಿ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಬೇಳೆಕಾಳುಗಳಿಗೆ ಶೇಕಡಾ 5ರ ತೆರಿಗೆ ಜಾರಿಗೆ ಬಂದಾಗ, ಅದುವರೆಗೆ ಬ್ರ್ಯಾಂಡ್ ಇದೆಯೇ ಇಲ್ಲವೇ ಎಂಬುದನ್ನು ನೋಡುತ್ತಿದ್ದ ಬಿಲ್ಲಿನ ವ್ಯವಸ್ಥೆ ಪೊಟ್ಟಣದ ತೂಕವನ್ನೂ ನೋಡಬೇಕಾಯಿತು. ತೆರಿಗೆಯ ನಿಯಮಗಳನ್ನು ಒಂದೆಡೆ ಕ್ರಮವಾಗಿ ಬರೆದಿಟ್ಟ ತಂತ್ರಾಂಶದಲ್ಲಿ ಇಂತಹ ಬದಲಾವಣೆ ಒಂದೆರಡು ದಿನದ ಕೆಲಸ. ನಲವತ್ತು ಕಡೆ ಚದುರಿಸಿದ ತಂತ್ರಾಂಶದಲ್ಲಿ ತಿಂಗಳ ಕೆಲಸ, ಜೊತೆಗೆ ದಂಡದ ಭಯ. ಆದುದರಿಂದ "ಹಳೆಯದನ್ನು ಸ್ವಲ್ಪ ಸರಿಪಡಿಸಲು ವಾರದಲ್ಲಿ ಒಂದು ದಿನ ಬೇಕು" ಎಂದು ಪ್ರೋಗ್ರಾಮರ್ ಕೇಳಿದಾಗ ಅದನ್ನು ಸೋಮಾರಿತನವೆಂದು ಬಗೆಯಬಾರದು. ಗಿರಣಿಯ ಯಂತ್ರಕ್ಕೆ ಎಣ್ಣೆ ಹಾಕಲು ನಿಲ್ಲಿಸುವುದನ್ನು ಯಾವ ಮಾಲೀಕರೂ ಸೋಮಾರಿತನವೆನ್ನುವುದಿಲ್ಲ.

ಬರೆದವನು ಒಬ್ಬ, ನೋಡುವವನು ಇನ್ನೊಬ್ಬ

ವೋಚರ್ ಬರೆದವನೇ ಅದನ್ನು ಮಂಜೂರು ಮಾಡಬಾರದೆಂಬುದು ಲೆಕ್ಕಪತ್ರ ಶಾಸ್ತ್ರದ ಮೂಲಪಾಠ. ತಂತ್ರಾಂಶಕ್ಕೂ ಅದೇ ನಿಯಮ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯಲ್ಲಿ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ತಂತ್ರಾಂಶವನ್ನು ಹಾಕುವುದು ತಪ್ಪಿಹೋಯಿತು. ಅದರಲ್ಲಿ ಉಳಿದಿದ್ದ ಹಳೆಯ ಭಾಗವು ಚಾಲನೆಗೊಂಡು ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಮಿಕ್ಕ ನಷ್ಟವಾಯಿತು. ಮಾಡಿದ ಕೆಲಸವನ್ನು ಎರಡನೆಯ ವ್ಯಕ್ತಿ ಪರಿಶೀಲಿಸುವ ಕ್ರಮ ಅಲ್ಲಿರಲಿಲ್ಲವೆಂಬುದು ತನಿಖೆಯಿಂದ ತಿಳಿದುಬಂದಿತು.

ಇಬ್ಬರು ಪ್ರೋಗ್ರಾಮರ್‌ಗಳಿದ್ದರೆ ಒಬ್ಬನ ಕೆಲಸವನ್ನು ಇನ್ನೊಬ್ಬನು ಓದದೆ ಬಳಕೆಗೆ ತರಬಾರದು. ಒಬ್ಬನೇ ಇದ್ದರೆ ಲೆಕ್ಕಿಗರು ಪ್ರಾಯೋಗಿಕ ದತ್ತಾಂಶದ ಮೇಲೆ ನಡೆಸಿ ನೋಡಿ ಸಹಿ ಮಾಡಬೇಕು. ಶನಿವಾರ ಸಂಜೆ ಅಥವಾ ತೆರಿಗೆ ವಿವರಣೆ ಸಲ್ಲಿಸುವ ಕೊನೆಯ ದಿನ ಯಾವ ಬದಲಾವಣೆಯನ್ನೂ ಮಾಡಬಾರದು. ಪ್ರಮಾದವಾದಾಗ "ಯಾರು ಮಾಡಿದರು?" ಎಂದು ಕೇಳುವುದಕ್ಕಿಂತ "ಯಾವ ತಪಾಸಣೆ ಇದ್ದಿದ್ದರೆ ಇದು ಸಿಕ್ಕಿಬೀಳುತ್ತಿತ್ತು?" ಎಂದು ಕೇಳುವುದು ಲಾಭದಾಯಕ. ಕಂಪನಿಯಾಗಿ ನೋಂದಾಯಿತವಾದ ಉದ್ದಿಮೆಗಳು ಇನ್ನೊಂದು ಸಂಗತಿಯನ್ನು ಮರೆಯಬಾರದು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು. ಆ ದಾಖಲೆಯನ್ನು ನಿಷ್ಕ್ರಿಯಗೊಳಿಸುವಂತಿರಬಾರದು. ಸ್ವಂತವಾಗಿ ಬರೆಸಿದ ಲೆಕ್ಕಪತ್ರ ತಂತ್ರಾಂಶಕ್ಕೂ ಈ ನಿಯಮ ಅನ್ವಯವಾಗುತ್ತದೆ.

ಪ್ರೋಗ್ರಾಮಿಂಗ್ ಬಾರದ ಮೇಲ್ವಿಚಾರಕ, ಪ್ರೋಗ್ರಾಮಿಂಗ್ ಬಿಡಲಾರದ ಮೇಲ್ವಿಚಾರಕ

ತಮಗೆ ಪ್ರೋಗ್ರಾಮಿಂಗ್ ಬಾರದು, ಆದುದರಿಂದ ತಮ್ಮಿಂದ ಮೇಲ್ವಿಚಾರಣೆ ಸಾಧ್ಯವಿಲ್ಲವೆಂದು ಹಿರಿಯ ಲೆಕ್ಕಿಗರು ಅಳುಕುವುದುಂಟು. ಗೂಗಲ್ ಸಂಸ್ಥೆ ತನ್ನ ಮೇಲ್ವಿಚಾರಕರ ಗುಣಗಳನ್ನು ಪರಿಶೀಲಿಸಿ 2011ರ ಹೊತ್ತಿಗೆ ಎಂಟು ಗುಣಗಳ ಪಟ್ಟಿಯನ್ನು ಹೊರತಂದಿತು. ಕೈಕೆಳಗಿನವರನ್ನು ತಿದ್ದಿ ಬೆಳೆಸುವುದು ಅದರಲ್ಲಿ ಮೊದಲನೆಯದು. ತಾಂತ್ರಿಕ ನೈಪುಣ್ಯ ಎಂಟನೆಯದು. ತಾಂತ್ರಿಕ ಜ್ಞಾನ ಬೇಡವೆಂದು ಇದರ ಅರ್ಥವಲ್ಲ. ಅದಿಲ್ಲದೆ ಕೇಳಬಹುದಾದ ಒಳ್ಳೆಯ ಪ್ರಶ್ನೆಗಳು ಬಹಳವಿವೆ ಎಂದರ್ಥ. ಏನು ಅಡ್ಡಿಯಾಗಿದೆ, ಯಾವುದು ಅಸ್ಪಷ್ಟವಾಗಿದೆ, ಯಾವುದನ್ನು ಕೈಬಿಟ್ಟರೆ ಸಕಾಲಕ್ಕೆ ಮುಗಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ವಾರಕ್ಕೊಮ್ಮೆ ಸಮಾಧಾನದಿಂದ ಕೇಳಿ, ಉತ್ತರವನ್ನು ಪೂರ್ತಿಯಾಗಿ ಆಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಪ್ರೋಗ್ರಾಮರ್‌ನೇ ಮೇಲ್ವಿಚಾರಕನಾದರೆ ತೊಂದರೆ ಬೇರೆ ಬಗೆಯದು. ಕಠಿಣವಾದುದನ್ನೆಲ್ಲ ತಾನೇ ಬರೆಯುತ್ತಾನೆ, ಕಿರಿಯನು ಬರೆದುದನ್ನು ರಾತ್ರಿ ಕುಳಿತು ತಾನೇ ತಿದ್ದುತ್ತಾನೆ. ಕಿರಿಯನು ಕಲಿಯುವುದಿಲ್ಲ, ಹಿರಿಯನು ದಣಿಯುತ್ತಾನೆ. ಇನ್ನು ಮುಂದೆ ಆತನ ದುಡಿಮೆಯ ಅಳತೆ ತಾನು ಬರೆದುದಲ್ಲ, ತನ್ನವರು ಬರೆದುದು ಎಂಬುದನ್ನು ಮಾಲೀಕರು ಮೊದಲ ದಿನವೇ ಸ್ಪಷ್ಟಪಡಿಸಬೇಕು. ಕಿರಿಯನನ್ನು ತಿದ್ದುವುದು ಏಕಾಂತದಲ್ಲಿ, ಹೊಗಳುವುದು ಸಭೆಯಲ್ಲಿ ಎಂಬ ಹಳೆಯ ಕ್ರಮ ಇಲ್ಲಿಯೂ ಸಲ್ಲುತ್ತದೆ.

ಒಡೆತನ ಯಾರದು?

ಮೇಲ್ವಿಚಾರಣೆ ಎಷ್ಟೇ ಉತ್ತಮವಾಗಿದ್ದರೂ ಕಾಗದಪತ್ರ ಸರಿಯಿಲ್ಲದಿದ್ದರೆ ಅಪಾಯವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಗಣಕ ತಂತ್ರಾಂಶವೂ ಸಾಹಿತ್ಯ ಕೃತಿಯೊಳಗೆ ಸೇರುತ್ತದೆ. ಸಂಬಳದ ನೌಕರನು ತನ್ನ ಕೆಲಸದ ಭಾಗವಾಗಿ ಬರೆದುದಕ್ಕೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಉದ್ಯೋಗದಾತನೇ ಪ್ರಥಮ ಒಡೆಯ. ಆದರೆ ಹೊರಗಿನ ಗುತ್ತಿಗೆದಾರನಿಂದ ಬರೆಸಿದ ತಂತ್ರಾಂಶಕ್ಕೆ ಹಣ ಕೊಟ್ಟ ಮಾತ್ರಕ್ಕೆ ಸಾಮಾನ್ಯವಾಗಿ ಒಡೆತನ ಬರುವುದಿಲ್ಲ. ಲಿಖಿತ ವರ್ಗಾವಣೆ ಬೇಕು. ಆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷಕ್ಕೆ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಆದುದರಿಂದ ಅವಧಿ ಮತ್ತು ಪ್ರದೇಶಗಳೆರಡನ್ನೂ ಸ್ಪಷ್ಟವಾಗಿ ಬರೆಯಿಸಿ, ವಕೀಲರಿಗೊಮ್ಮೆ ತೋರಿಸುವುದು ವಿವೇಕ. ಮೂಲ ಕಡತಗಳು, ಗುಪ್ತಪದಗಳು ಹಾಗೂ ದತ್ತಾಂಶದ ಪ್ರತಿಗಳು ಒಬ್ಬನೇ ವ್ಯಕ್ತಿಯ ಲ್ಯಾಪ್‌ಟಾಪ್‌ನಲ್ಲಿ ಇರಬಾರದು. ತಿಜೋರಿಯ ಎರಡನೆಯ ಬೀಗದ ಕೈ ಎಲ್ಲಿದೆಯೆಂಬುದನ್ನು ಬಲ್ಲ ಮಾಲೀಕರು ಇದನ್ನೂ ತಿಳಿದಿರಬೇಕು.

ಆಸ್ತಿ ಪಟ್ಟಿಯಲ್ಲಿ ಕಾಣದ ಆಸ್ತಿ

ಕಲಬುರಗಿಯಲ್ಲಿ 1958ರಲ್ಲಿ ಸ್ಥಾಪನೆಯಾದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿದೆ; ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಓದು ಮುಗಿಸಿದವರಲ್ಲಿ ಅನೇಕರು ಬೆಂಗಳೂರು, ಪುಣೆ, ಹೈದರಾಬಾದುಗಳ ರೈಲು ಹತ್ತುತ್ತಾರೆ. ಸಂಬಳದಲ್ಲಿ ಆ ನಗರಗಳೊಡನೆ ಸ್ಪರ್ಧಿಸುವುದು ಬೇಳೆ ಗಿರಣಿಗೆ ಅಸಾಧ್ಯ. ಆದರೆ ತಾನು ಬರೆದ ತಂತ್ರಾಂಶವನ್ನು ತೂಕದ ಕಟ್ಟೆಯ ಗುಮಾಸ್ತ ಬಳಸುವುದನ್ನು ಕಣ್ಣಾರೆ ಕಾಣುವ ಸಂತೋಷ, ಮಾಲೀಕರೊಡನೆ ನೇರವಾಗಿ ಮಾತನಾಡುವ ಅವಕಾಶ, ಕಲಿಯಲು ಬಿಡುವು, ತಂದೆತಾಯಿಯರ ಸಾಮೀಪ್ಯ, ಇವುಗಳನ್ನು ದೊಡ್ಡ ನಗರದ ದೊಡ್ಡ ಸಂಸ್ಥೆ ಸುಲಭವಾಗಿ ಕೊಡಲಾರದು. ಕೆಲಸ ಬಿಟ್ಟು ಹೋಗುವ ಯುವಕನು ತನ್ನೊಡನೆ ಗಿರಣಿಯ ಲೆಕ್ಕದ ಅಂತರಂಗವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹೋಗುತ್ತಾನೆ. ಅವನ ಬದಲಿಗೆ ಬಂದವನು ಅದನ್ನು ಮೊದಲಿನಿಂದ ಕಲಿಯಬೇಕು; ಆ ಕಲಿಕೆಯ ಸಂಬಳವನ್ನೂ ಮಾಲೀಕರೇ ಕೊಡಬೇಕು.

1981ರಲ್ಲಿ ಏಳು ಮಂದಿ ಎಂಜಿನಿಯರುಗಳು ಪುಣೆಯಲ್ಲಿ ಆರಂಭಿಸಿ, 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಸಂಸ್ಥೆ ಅನೇಕ ವರ್ಷಗಳ ಕಾಲ ತನ್ನ ವಾರ್ಷಿಕ ವರದಿಯಲ್ಲಿ ಲೆವ್ ಮತ್ತು ಶ್ವಾರ್ಟ್ಜ್ ಮಾದರಿಯಂತೆ ನೌಕರರ ಮೌಲ್ಯವನ್ನು ಲೆಕ್ಕ ಹಾಕಿ ತೋರಿಸುತ್ತಿತ್ತು. ಅವರು ಮುಂದೆ ಗಳಿಸಬಹುದಾದ ಸಂಬಳದ ಇಂದಿನ ಮೌಲ್ಯವೇ ಆ ಲೆಕ್ಕದ ಆಧಾರ. ಅದು ಶಾಸನಬದ್ಧ ಆಸ್ತಿ-ಹೊಣೆ ಪಟ್ಟಿಯ ಭಾಗವಾಗಿರಲಿಲ್ಲ. ಆದರೂ ನಿಜವಾದ ಬಂಡವಾಳ ಯಾವುದೆಂಬುದನ್ನು ಅದು ಷೇರುದಾರರಿಗೆ ನೆನಪಿಸುತ್ತಿತ್ತು. ಸಣ್ಣ ಉದ್ದಿಮೆದಾರರು ಅಂತಹ ಲೆಕ್ಕವನ್ನು ಬರೆಯಬೇಕಾಗಿಲ್ಲ, ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಮೊದಲ ತಿಂಗಳ ಕಾರ್ಯಸೂಚಿ

ಹೊಸದಾಗಿ ಹೊಣೆ ಹೊತ್ತವರು ಈ ಕ್ರಮವನ್ನು ಅನುಸರಿಸಬಹುದು.

1. ಮೊದಲ ವಾರ ಪ್ರೋಗ್ರಾಮರ್‌ನನ್ನು ಖರೀದಿಯಿಂದ ರವಾನೆಯವರೆಗಿನ ಪ್ರತಿಯೊಂದು ಹಂತದಲ್ಲಿಯೂ ನಿಲ್ಲಿಸಿ ತೋರಿಸಬೇಕು.

2. ಬೇಕಾದುದನ್ನು ಒಂದು ಪುಟದಲ್ಲಿ ಬರೆದು, ಹತ್ತು ನಿಜವಾದ ಬಿಲ್ಲುಗಳನ್ನು ಉತ್ತರಸಹಿತ ಲಗತ್ತಿಸಬೇಕು.

3. ಕೆಲಸವನ್ನು ವಾರದ ತುಂಡುಗಳಾಗಿ ಮಾಡಿ, ಅತ್ಯಗತ್ಯವಾದ ಒಂದನ್ನು ಮಾತ್ರ ಮೊದಲು ಕೈಗೆತ್ತಿಕೊಳ್ಳಬೇಕು.

4. ದಿನಕ್ಕೆ ಮೂರು ಗಂಟೆ ಯಾರೂ ಅಡ್ಡಿಪಡಿಸದ ವೇಳೆಯನ್ನು ನಿಗದಿಪಡಿಸಬೇಕು.

5. ಶನಿವಾರ ಬಳಕೆದಾರನ ಕೈಯಿಂದ ಪರೀಕ್ಷೆ ಮಾಡಿಸಿ, ದೊರೆತ ತಪ್ಪುಗಳನ್ನು ಬೈಗುಳವಿಲ್ಲದೆ ಪಟ್ಟಿ ಮಾಡಬೇಕು.

6. ನೇಮಕಾತಿ ಪತ್ರ ಅಥವಾ ಗುತ್ತಿಗೆ ಪತ್ರದಲ್ಲಿ ಒಡೆತನದ ಷರತ್ತನ್ನು ಪರಿಶೀಲಿಸಿ, ಗುಪ್ತಪದಗಳ ಒಂದು ಪ್ರತಿಯನ್ನು ಭದ್ರವಾಗಿರಿಸಬೇಕು.

ಇವುಗಳಲ್ಲಿ ಹಣ ಬೇಡುವ ಕೆಲಸ ಒಂದೂ ಇಲ್ಲ. ಎಲ್ಲವೂ ತಾಳ್ಮೆಯನ್ನು ಬೇಡುತ್ತವೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಕ್ಷೇತ್ರಕ್ಕೆ ವಿಶೇಷವಾಗಿ ಒಪ್ಪುತ್ತದೆ. ತೊಗರಿಯನ್ನು ನೆನೆಸಿ, ಒಣಗಿಸಿ, ಹದ ನೋಡಿಯೇ ಗಿರಣಿಗೆ ಹಾಕಬೇಕು. ಹದ ತಪ್ಪಿದರೆ ಬೇಳೆಗಿಂತ ನುಚ್ಚೇ ಹೆಚ್ಚಾಗುತ್ತದೆ ಎಂಬುದನ್ನು ಬಲ್ಲ ಉದ್ದಿಮೆದಾರರಿಗೆ ಪ್ರೋಗ್ರಾಮರ್‌ಗಳ ಮೇಲ್ವಿಚಾರಣೆಯ ತಿರುಳು ಹೊಸದೇನೂ ಅಲ್ಲ. ಹದವರಿತು ನಡೆಸಿದಲ್ಲಿ ತಂತ್ರಾಂಶವೂ ಕೈಗೂಡುತ್ತದೆ, ಅದನ್ನು ಬರೆದವನೂ ಊರಿನಲ್ಲಿಯೇ ಉಳಿಯುತ್ತಾನೆ.